ಮೀಸಲು ದಿನ

ಪ್ರೀತಿಯ ಜೀರಿಗೆ,

ಇಷ್ಟುದ್ದದ ಕಾಗದ ನೋಡಿ ನೀನು ಮೊದಲು ನಗುತ್ತೀಯ, ಆಮೇಲೆ ಗಾಬರಿಯಾಗುತ್ತೀಯ. ಹುಟ್ಟಿದಾಗ ಅಂಗೈಯಷ್ಟೇ ಇದ್ದೆ ಎಂದು ಅಜ್ಜಿ ಇಟ್ಟ ಹೆಸರು, ನಿನಗೆ ಮೂವತ್ತೆಂಟು ತುಂಬಿದರೂ ನನ್ನ ಬಾಯಿಂದ ಹೋಗಿಲ್ಲ. ಫೋನಿನಲ್ಲಿ ನಾನು ಎರಡು ನಿಮಿಷ ದಾಟಿದವನಲ್ಲ. "ಆರಾಮಾ? ಊಟ ಆಯ್ತಾ? ಸರಿ, ಇಡ್ಲಾ?" ಎಂದು ಮುಗಿಸುವ ಅಣ್ಣ ಹೋಟೆಲಿನ ಕೋಣೆಯಲ್ಲಿಟ್ಟಿದ್ದ ಹಾಳೆಗಳನ್ನೆಲ್ಲ ಖಾಲಿ ಮಾಡುತ್ತಿದ್ದಾನೆಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಆಗಿದೆ. ಆದರೆ ಇವತ್ತು ಆದದ್ದಲ್ಲ. ಆರು ವರ್ಷದ ಹಿಂದಿನದು.

ಬೆಳಗ್ಗೆ ನಿನ್ನ ಸಂದೇಶ ಬಂತು. ರಿಜಿಸ್ಟ್ರಾರ್ ಆಫೀಸಿನಲ್ಲಿ ತಾರೀಖು ಸಿಕ್ಕಿದೆ, ಗುರುವಾರ ಹನ್ನೊಂದು ಗಂಟೆಗೆ ನಿನ್ನ ಮದುವೆ, ನಿನ್ನ ಕಡೆಯ ಸಾಕ್ಷಿಯಾಗಿ ನಾನು ಸಹಿ ಹಾಕಬೇಕು ಎಂದು ಬರೆದಿದ್ದೆ. ಓದಿ ಎಷ್ಟು ಖುಷಿಯಾಯಿತೆಂದರೆ ಪಕ್ಕದಲ್ಲಿ ಕೂತಿದ್ದ ಅಪರಿಚಿತರಿಗೆ ಫೋನು ತೋರಿಸುವುದೊಂದು ಬಾಕಿ. ಆಮೇಲೆ ಕೆಳಗಿನ ಸಾಲು ಓದಿದೆ. "ಸಾಕ್ಷಿ ಹಾಕೋರು ಸುಳ್ಳು ಹೇಳ್ದಿರೋರಾಗಿರ್ಬೇಕು. ನಮ್ಮನೇಲಿ ಅಂಥವ್ನು ನೀನೊಬ್ನೇ." ಅದರ ಕೆಳಗೆ ಇನ್ನೊಂದು: "ನಿನ್ನ ಮಿಷನ್ ಓಡಿದ್ರೆ ಬಾ. ಓಡ್ದಿದ್ರೆ ತಲೆ ಕೆಡಿಸ್ಕೋಬೇಡ, ಬೇರೆ ಯಾರನ್ನಾದ್ರೂ ಕರೀತೀನಿ."

ಮೊದಲನೆಯದು ತಮಾಷೆ, ಎರಡನೆಯದು ನಿನ್ನ ದೊಡ್ಡ ಮನಸ್ಸು. ಎರಡೂ ಸೇರಿ ನನ್ನ ಬಾಯಿ ಕಟ್ಟಿಹಾಕಿದವು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತು. ಬಾಟಲಿಗೆ ಲೇಬಲ್ ಅಂಟಿಸುವ ಯಂತ್ರವನ್ನು ಗಿರಾಕಿಯ ಕಾರ್ಖಾನೆಯಲ್ಲಿ ಕೂರಿಸಿ, ಎಂಟು ಗಂಟೆ ನಿಲ್ಲಿಸದೆ ಓಡಿಸಿ ತೋರಿಸಿ, ಒಪ್ಪಿಗೆಯಾಯಿತು ಎಂದು ಸಹಿ ಮಾಡಿಸಿಕೊಂಡು ಬರುವುದು. ಮದುವೆ ಊಟಕ್ಕೆ ಕೂತರೂ ನೀರಿನ ಬಾಟಲಿ ತಿರುಗಿಸಿ ಲೇಬಲ್ ಸೊಟ್ಟಗಿದೆಯಾ ಅಂತ ನೋಡ್ತಾನೆ ಎಂದು ನೀನು ಎಲ್ಲರೆದುರು ನನ್ನ ಮಾನ ಹರಾಜು ಹಾಕುತ್ತೀಯ. ಆದರೆ ಈ ಕೆಲಸದ ಒಂದು ಪದ್ಧತಿಯನ್ನು ನಾನು ನಿನಗಾಗಲಿ, ನಿನ್ನ ಅತ್ತಿಗೆಗಾಗಲಿ ಹೇಳಿಲ್ಲ. ಹೊರದೇಶಕ್ಕೆ ಹೊರಟಾಗ ನಾವು ಕೆಲಸ ಮುಗಿಯುವ ದಿನಕ್ಕೇ ವಾಪಸ್ ಟಿಕೆಟ್ ತೆಗೆಸುವುದಿಲ್ಲ. ಮೊದಲ ಓಟ ಕೆಟ್ಟರೆ ಮತ್ತೆ ಓಡಿಸಲು ಬೇಕಾಗುತ್ತದೆಂದು ಒಂದೋ ಎರಡೋ ದಿನ ಹೆಚ್ಚಿಗೆ ಇಟ್ಟಿರುತ್ತೇವೆ. ಆಫೀಸಿನಲ್ಲಿ ಅದಕ್ಕೆ ಮೀಸಲು ದಿನ ಎನ್ನುತ್ತಾರೆ. ಓಟ ಮೊದಲ ಸಲವೇ ಸರಿಹೋದರೆ ಟಿಕೆಟನ್ನು ಮೊದಲಿನ ದಿನಕ್ಕೆ ಬದಲಾಯಿಸಿಕೊಂಡು ಮನೆಗೆ ಬರಬಹುದು. ಬರದೆಯೂ ಇರಬಹುದು. ಯಾರೂ ಕೇಳುವುದಿಲ್ಲ.

ನನ್ನ ಯಂತ್ರಗಳು ಮೊದಲ ಸಲವೇ ಓಡುತ್ತವೆ. ಹೆಮ್ಮೆಗೆ ಹೇಳುತ್ತಿಲ್ಲ, ಲೆಕ್ಕ ಸ್ಪಷ್ಟವಾಗಲಿ ಎಂದು ಹೇಳುತ್ತಿದ್ದೇನೆ. ಹತ್ತೊಂಬತ್ತು ವರ್ಷದಲ್ಲಿ ಎಲ್ಲೋ ಮೂರು ಸಲ ಕೈಕೊಟ್ಟಿರಬಹುದು. ಮಿಕ್ಕ ಮೀಸಲು ದಿನಗಳನ್ನೆಲ್ಲ ನಾನೇ ತಿಂದಿದ್ದೇನೆ. ಮನೆಗೆ ಫೋನು ಮಾಡಿ ಇನ್ನೂ ಕೆಲಸ ಇದೆ ಎಂದು ಹೇಳಿ, ಒಬ್ಬನೇ ಗೊತ್ತಿಲ್ಲದ ಬೀದಿಗಳಲ್ಲಿ ಸುತ್ತಿದ್ದೇನೆ. ಕೆಟ್ಟ ಚಾಳಿಯೇನಲ್ಲ, ಹೆದರಬೇಡ. ಸೇತುವೆಯ ಮೇಲೆ ನಿಂತು ನೀರು ನೋಡುವುದು, ಹತ್ತಿದ ಬಸ್ಸಿನಿಂದ ಕೊನೆಯ ನಿಲ್ದಾಣದ ತನಕ ಇಳಿಯದೆ ಇರುವುದು, ಅಷ್ಟೇ. ಯಾರಿಗೂ ಗಂಡನಲ್ಲ, ಯಾರಿಗೂ ಅಪ್ಪನಲ್ಲ, ಯಾರಿಗೂ ಏನನ್ನೂ ರಿಪೇರಿ ಮಾಡಿಕೊಡಬೇಕಿಲ್ಲ. ಮೊದಮೊದಲು ಆ ದಿನಗಳು ನಿಜಕ್ಕೂ ಚೆನ್ನಾಗಿದ್ದವು.

ಈಗ ಆರು ವರ್ಷದ ಹಿಂದಿನ ಆ ಶನಿವಾರಕ್ಕೆ ಬರುತ್ತೇನೆ. ನೀನು ಮೊದಲ ಗಂಡನ ಮನೆ ಬಿಟ್ಟು ಆಗಲೇ ಎರಡು ತಿಂಗಳಾಗಿತ್ತು. ನಿನ್ನ ಸಾಮಾನುಗಳನ್ನು ತೆಗೆದುಕೊಂಡು ಹೋಗಲು ಎರಡೂ ಕಡೆಯ ವಕೀಲರು ಕೂತು ಒಂದೇ ದಿನ ಗೊತ್ತು ಮಾಡಿದ್ದರು. ಶನಿವಾರ ಹತ್ತರಿಂದ ಒಂದು ಗಂಟೆ. ಅದು ತಪ್ಪಿದರೆ ಆ ಜನ ಮತ್ತೆ ಬಾಗಿಲು ತೆಗೆಯುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ನೀನು ಯಾವತ್ತೂ ನನ್ನಲ್ಲಿ ಏನೂ ಕೇಳಿದವಳಲ್ಲ. ಅವತ್ತು ಕೇಳಿದೆ. "ಅಣ್ಣ, ಜಗಳ ಆಡೋಕೆ ಕರೀತಿಲ್ಲ. ಮಾತೂ ಆಡ್ಬೇಡ. ಸುಮ್ನೆ ನನ್ನ ಪಕ್ಕ ನಿಂತ್ಕೋ. ನೀನು ನಿಂತಿದ್ರೆ ಅವ್ರು ಬಾಯಿ ಬಿಡಲ್ಲ." ನಾನು ಆಯಿತೆಂದೆ. ಶುಕ್ರವಾರ ಬಂದುಬಿಡುತ್ತೇನೆ ಎಂದೆ.

ಗುರುವಾರ ಸಂಜೆ ನಿನಗೆ ಫೋನು ಮಾಡಿದೆ. "ಮಿಷನ್ ಓಡ್ತಿಲ್ಲ ಕಣೇ, ಲೇಬಲ್ ಎಲ್ಲ ಸೊಟ್ಟ ಬರ್ತಿದೆ. ಭಾನುವಾರದ ತನಕ ಬರೋಕಾಗಲ್ಲ." ನೀನು, "ಹೋಗ್ಲಿ ಬಿಡು, ನೀನು ಕೆಲಸ ನೋಡ್ಕೋ. ಊಟ ಮಾಡಿದ್ಯಾ?" ಎಂದೆ.

ಜೀರಿಗೆ, ಅವತ್ತು ಮಿಷನ್ ಓಡಿತ್ತು. ಗುರುವಾರ ಮಧ್ಯಾಹ್ನವೇ ಓಡಿತ್ತು. ಎಂಟು ಗಂಟೆಯಲ್ಲಿ ಒಂದೇ ಒಂದು ಲೇಬಲ್ ಸೊಟ್ಟಗಾಗಿರಲಿಲ್ಲ. ಕಾರ್ಖಾನೆಯ ಮುಖ್ಯಸ್ಥರು ಸಹಿ ಹಾಕಿ ಕೈಕುಲುಕಿದ್ದರು. ರಾತ್ರಿಯ ವಿಮಾನದಲ್ಲಿ ಜಾಗವೂ ಇತ್ತು. ನಾನು ಬರಲಿಲ್ಲ.

ಏಕೆಂದು ನೀನು ಕೇಳುವ ಮೊದಲು ನಾನೇ ಹೇಳುತ್ತೇನೆ. ಹೆದರಿದೆ. ಆ ಮನೆಯ ಹಜಾರದಲ್ಲಿ, ಅವರ ಸೋಫಾ ಪಕ್ಕ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ನಿಂತು, ನಿನ್ನ ಬಗ್ಗೆ ಅವರು ಆಡುವ ಮಾತನ್ನು ಕೇಳುವುದು ನನ್ನಿಂದಾಗದೆನ್ನಿಸಿತು. ಯಂತ್ರ ಕೆಟ್ಟರೆ ಎಲ್ಲಿ ಕೈ ಹಾಕಬೇಕೆಂದು ನನಗೆ ಗೊತ್ತು. ಮನುಷ್ಯರು ಕೆಟ್ಟರೆ ಗೊತ್ತಿಲ್ಲ. ಅದೊಂದೇ ಕಾರಣವಾಗಿದ್ದರೆ ಇನ್ನೂ ಮಾನದಿಂದ ಬದುಕಬಹುದಿತ್ತು. ಆದರೆ ಶನಿವಾರ ನಾನೇನು ಮಾಡಿದೆ ಗೊತ್ತೇ? ಆಗಲೂ ನಾನು ಬಂದಿದ್ದ ಈ ಊರಿನ ನಡುವೆ ಒಂದು ದೊಡ್ಡ ಕೆರೆಯಿದೆ, ಅದರಲ್ಲಿ ಒಂದೂವರೆ ಗಂಟೆ ಸುತ್ತಿಸಿ ತರುವ ದೋಣಿಯಿದೆ. ಅದರಲ್ಲಿ ಕೂತೆ. ಬಿಸಿಲು ಹಿತವಾಗಿತ್ತು. ಬೂಟು ಬಿಚ್ಚಿ ಕಾಲು ಚಾಚಿದೆ. ನಿನ್ನ ನೆನಪು ಬಂತು, ಬಂದದ್ದನ್ನು ಅತ್ತ ತಳ್ಳಿದೆ. ಅವತ್ತು ನಾನು ಸುಖವಾಗಿದ್ದೆ. ಈ ಮಾತು ಬರೆಯಲು ಆರು ವರ್ಷ ಬೇಕಾಯಿತು.

ಆ ಹೊತ್ತಿಗೆ ನೀನೇನು ಮಾಡುತ್ತಿದ್ದೆ ಎಂಬುದು ಆಮೇಲೆ ತುಂಡುತುಂಡಾಗಿ ತಿಳಿಯಿತು, ಅದೂ ನೀನು ನಗಿಸಲೆಂದು ಹೇಳಿದ ಕಥೆಗಳಿಂದ. ನಿನ್ನ ಅತ್ತೆ ಸ್ಟೀಲ್ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿ ನೋಡಿ ಕೊಟ್ಟರಂತೆ. ಇಸ್ತ್ರಿಪೆಟ್ಟಿಗೆ ಯಾರದೆಂಬ ಮೇಲೆ ಅರ್ಧ ಗಂಟೆ ವಾದವಾಯಿತಂತೆ. ಎರಡನೇ ಮಹಡಿಯಿಂದ ಹೊಲಿಗೆ ಮಿಷನನ್ನು, ನಿನಗೆ ಅನ್ನ ಕೊಡುವ ಮಿಷನನ್ನು, ಇಳಿಸಲು ಆ ಮನೆಯ ಮೂರು ಗಂಡಸರಲ್ಲಿ ಒಬ್ಬರೂ ಕೂತಲ್ಲಿಂದ ಏಳಲಿಲ್ಲ. ಲಗೇಜ್ ಆಟೋದವರು ಒಂದು ಕಡೆ, ನೀನು ಒಂದು ಕಡೆ. ಮೆಟ್ಟಿಲ ತಿರುವಿನಲ್ಲಿ ಅದರ ಭಾರವೆಲ್ಲ ನಿನ್ನ ಮೇಲೆ ಬಂದು ಬಲಗೈ ಮಣಿಕಟ್ಟು ಹೊರಳಿತು. "ಮಿಷನ್ನಿಗೆ ಒಂದು ಗೀರೂ ಆಗ್ಲಿಲ್ಲ ನೋಡು, ಅದು ನನ್ನ ತಾಕತ್ತು" ಎಂದು ನೀನು ನಕ್ಕಿದ್ದೆ. ಇವತ್ತಿಗೂ ನಾಲ್ಕು ರವಿಕೆ ಹೊಲಿದರೆ ಐದನೆಯದಕ್ಕೆ ಕೈ ಏಳುವುದಿಲ್ಲ. ನಾನು ಪ್ರತಿ ಸಲ ಹೊರದೇಶದಿಂದ ನಿನಗೆ ನೋವಿನ ಮುಲಾಮು ತಂದುಕೊಡುತ್ತೇನೆ. "ನನ್ನಣ್ಣ ಒಬ್ಬನೇ ನೆನಪಿಟ್ಕೊಂಡು ತರ್ತಾನೆ" ಎಂದು ನೀನು ಎಲ್ಲರಿಗೂ ಹೇಳುತ್ತೀಯ. ನೆನಪು ಯಾಕಿರುತ್ತದೆಂದು ಈಗ ಗೊತ್ತಾಯಿತಲ್ಲ.

ಚಿಕ್ಕಪ್ಪನ ಮಗಳ ಮದುವೆ ನೆನಪಿದೆಯೇ? ಊಟದ ಪಂಕ್ತಿಯಲ್ಲಿ ಚಿಕ್ಕಪ್ಪ ನನ್ನ ಎದುರು ನಿಂತು, "ಒಡಹುಟ್ಟಿದವಳು ಒಬ್ಬಳೇ ಸಾಮಾನು ಹೊತ್ಲು, ನೀನು ಅಲ್ಲಿ ಬಾಟ್ಲಿಗೆ ಚೀಟಿ ಅಂಟಿಸ್ತಿದ್ದೆ" ಎಂದು ಚುಚ್ಚಿದರು. ನಾನು ಬಾಯಿ ತೆರೆಯುವ ಮೊದಲೇ ನೀನು ಮೂರು ಎಲೆ ಆಚೆಯಿಂದ ಎದ್ದು ಬಂದು, "ಅಣ್ಣನ್ನ ಏನೂ ಅನ್ಬೇಡಿ ಚಿಕ್ಕಪ್ಪ. ಅವ್ನ ಮಿಷನ್ ಕೆಟ್ಟಿತ್ತು. ಕೆಡ್ದೇ ಇದ್ದಿದ್ರೆ ಈಜಿಕೊಂಡಾದ್ರೂ ಬರ್ತಿದ್ದ" ಎಂದು ಅವರ ಬಾಯಿ ಮುಚ್ಚಿಸಿದೆ. ಚಿಕ್ಕಪ್ಪ ಪೆಚ್ಚಾಗಿ ನನ್ನ ಬೆನ್ನು ತಟ್ಟಿ ಹೋದರು. ನಾನು ತಲೆ ತಗ್ಗಿಸಿ ಊಟ ಮಾಡಿದೆ. ಅವತ್ತಾದರೂ ಹೇಳಬಹುದಿತ್ತು. ಹೇಳಿದ್ದರೆ ನೀನು ಅಷ್ಟು ಜನರೆದುರು ಸುಳ್ಳಿಯಾಗುತ್ತಿದ್ದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿಗೆ ನೆಪ ಹುಡುಕುವುದು ಕಷ್ಟವೇ?

ಈ ಸಲ ಬಂದಿರುವುದು ಅದೇ ಕಾರ್ಖಾನೆಗೆ, ಅದೇ ಹೋಟೆಲಿಗೆ. ಹಳೆಯ ಯಂತ್ರದ ಪಕ್ಕ ಎರಡನೆಯದನ್ನು ಕೂರಿಸಿದೆ. ನಿನ್ನೆ ಸೋಮವಾರ ಮಧ್ಯಾಹ್ನ ಮೂರಕ್ಕೆ ಓಟ ಮುಗಿಯಿತು, ಸಹಿಯೂ ಆಯಿತು. ಮೀಸಲು ದಿನ ಎರಡು, ಮಂಗಳವಾರ ಮತ್ತು ಬುಧವಾರ. ಗುರುವಾರ ವಿಮಾನ. ಬಿಡುವನ್ನು ಚೆನ್ನಾಗಿ ಕಳೆಯಬೇಕೆಂದು ಹಟ ತೊಟ್ಟು ನಿನ್ನೆಯೇ ಹೊರಟೆ. ಹೋಟೆಲಿನ ಸ್ವಾಗತದ ಹೆಂಗಸು ನಕಾಶೆಯ ಮೇಲೆ ಐದು ಕಡೆ ಗುಂಡು ಸುತ್ತಿ ಕೊಟ್ಟರು. ಒಂದು ವಸ್ತುಸಂಗ್ರಹಾಲಯಕ್ಕೆ ಹೋದೆ, ಹಳೆಯ ಕುರ್ಚಿಗಳನ್ನು ನೋಡಿ ಹೊರಬಂದೆ. ದೊಡ್ಡ ಅಂಗಡಿಗೆ ನುಗ್ಗಿ ಸಾಲಾಗಿಟ್ಟ ಬಾಟಲಿಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ, ಕಾವಲಿನವರು ಬಂದು ಹಿಂದೆಯೇ ನಿಂತರು. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಗಲು ಯಾರೂ ಇರಲಿಲ್ಲವಾಗಿ ನಾನು ಒಂದು ನೀರಿನ ಬಾಟಲಿ ಕೊಂಡು ಹೊರನಡೆದೆ.

ಇವತ್ತು ಬೆಳಗ್ಗೆ ಮತ್ತೆ ಆ ದೋಣಿ ಹತ್ತಿದೆ. ಯಾಕೆ ಹತ್ತಿದೆನೋ ತಿಳಿಯದು. ವಯಸ್ಸಾದ ಗಂಡಹೆಂಡತಿ ಪಕ್ಕ ಕೂತಿದ್ದರು. ತಮ್ಮದೊಂದು ಫೋಟೋ ತೆಗೆಯಿರೆಂದು ಸನ್ನೆ ಮಾಡಿದರು, ತೆಗೆದುಕೊಟ್ಟೆ. ನಿಮ್ಮದನ್ನೂ ತೆಗೆಯುತ್ತೇವೆ ಎಂದು ಆಕೆ ಕೈ ಚಾಚಿದರು. ಬೇಡವೆಂದೆ. ತೆಗೆಸಿಕೊಂಡು ಯಾರಿಗೆ ತೋರಿಸಲಿ? ಮನೆಯವರ ಲೆಕ್ಕದಲ್ಲಿ ನಾನು ಕಾರ್ಖಾನೆಯಲ್ಲಿದ್ದೇನೆ. ಹತ್ತೊಂಬತ್ತು ವರ್ಷದಲ್ಲಿ ಇಷ್ಟೊಂದು ಊರು ಸುತ್ತಿದ್ದೇನೆ ಜೀರಿಗೆ, ಯಾವ ಊರಿನಲ್ಲೂ ನಾನಿರುವ ಒಂದು ಫೋಟೋ ಇಲ್ಲ. ನೋಡಿದ ಒಂದು ಸೇತುವೆಯ ಬಗ್ಗೆಯೂ ನನ್ನ ಮಕ್ಕಳಿಗೆ ಹೇಳಿಲ್ಲ. ಮನೆಯಲ್ಲಿ ಎಲ್ಲರ ನಡುವೆ ಕೂತಾಗಲೂ ಅಷ್ಟು ದಿನಗಳನ್ನು ಬಾಯೊಳಗೇ ಇಟ್ಟುಕೊಂಡು ಕೂತಿರುತ್ತೇನೆ. ಒಬ್ಬನೇ ಇರಬೇಕೆಂದು ಆಸೆಪಟ್ಟು ಕದ್ದ ದಿನಗಳು, ಕೊನೆಗೆ ನಿಜವಾಗಿ ಒಬ್ಬನನ್ನಾಗಿ ಮಾಡಿಟ್ಟವು. ಇದನ್ನೆಲ್ಲ ಯೋಚಿಸುತ್ತ ಕೆರೆಯ ನಡುವೆ ಇರುವಾಗಲೇ ನಿನ್ನ ಸಂದೇಶ ಬಂದದ್ದು.

ದೋಣಿ ದಡ ಮುಟ್ಟುವ ತನಕ ತಡೆಯಲಾಗಲಿಲ್ಲ. ಅಲ್ಲಿಂದಲೇ ನಮ್ಮ ಆಫೀಸಿನಲ್ಲಿ ಟಿಕೆಟ್ ನೋಡಿಕೊಳ್ಳುವ ಮೇಡಂಗೆ ಫೋನು ಮಾಡಿ ಇವತ್ತೇ ಹೊರಡಬೇಕೆಂದೆ. ಆಕೆಗೆ ನಂಬಿಕೆ ಬರಲಿಲ್ಲ. "ಸರ್, ಇಷ್ಟು ವರ್ಷದಲ್ಲಿ ಒಂದ್ಸಲಾನೂ ನೀವು ಬೇಗ ಬರ್ತೀನಿ ಅಂದಿಲ್ಲ. ಮನೇಲಿ ಎಲ್ಲಾ ಚೆನ್ನಾಗಿದಾರೆ ತಾನೇ?" ಎಂದರು. ತಂಗಿಯ ಮದುವೆ ಎಂದೆ. ಸಂಜೆ ಆರರ ವಿಮಾನಕ್ಕೆ ಜಾಗ ಸಿಕ್ಕಿದೆ.

ಈಗ ಹೋಟೆಲಿನ ಊಟದ ಕೋಣೆಯಲ್ಲಿ ಕೂತಿದ್ದೇನೆ. ಮಧ್ಯಾಹ್ನದ ಊಟದ ಹೊತ್ತು ಮುಗಿದು, ಮೇಜುಗಳ ಮೇಲೆ ರಾತ್ರಿಯ ಊಟಕ್ಕೆ ಲೋಟಗಳನ್ನು ಕವುಚಿ ಇಡುತ್ತಿದ್ದಾರೆ. ಈ ಹಾಳೆಗಳ ಫೋಟೋ ತೆಗೆದು ವಿಮಾನ ಹತ್ತುವ ಮೊದಲು ನಿನಗೆ ಕಳಿಸುತ್ತೇನೆ. ಎದುರು ಬಂದು ಹೇಳಬಹುದಿತ್ತು. ಆದರೆ ಎದುರಿಗೆ ಹೇಳಿದರೆ ನೀನು ನನ್ನ ಮುಖ ನೋಡಿ ಕರಗಿಬಿಡುತ್ತೀಯ, "ಹೋಗ್ಲಿ ಬಿಡು" ಎನ್ನುತ್ತೀಯ. ನನಗದು ಬೇಡ. ನೀನು ಒಬ್ಬಳೇ ಕೂತು ಓದಬೇಕು, ಕೋಪ ಬರಬೇಕು, ಬಂದ ಕೋಪ ಒಂದು ದಿನವಾದರೂ ನಿಲ್ಲಬೇಕು. ನಿನ್ನನ್ನು ಮದುವೆಯಾಗುತ್ತಿರುವವರಿಗೂ ತೋರಿಸು. ಅವರು ನನ್ನನ್ನು ಭಾವ ಎಂದು ಬಾಯ್ತುಂಬ ಕರೆಯುತ್ತಾರೆ. ಯಾರನ್ನು ಕರೆಯುತ್ತಿದ್ದೇನೆಂದು ಅವರಿಗೂ ಗೊತ್ತಿರಲಿ. ನಿನ್ನ ಅತ್ತಿಗೆಗೆ ನಾಳೆ ಮನೆ ಸೇರಿದ ಕೂಡಲೇ ನಾನೇ ಹೇಳುತ್ತೇನೆ, ಚಿಕ್ಕಪ್ಪನಿಗೂ ಹೇಳುತ್ತೇನೆ. ನನ್ನ ಪರವಾಗಿ ಇನ್ನು ಯಾರ ಹತ್ತಿರವೂ ನೀನು ವಾದ ಮಾಡಬಾರದು.

ಸಾಕ್ಷಿಯ ಸಹಿಗೆ ಬೇರೆ ಯಾರನ್ನಾದರೂ ಕರೆ. ನಿನ್ನ ಹೊಲಿಗೆ ತರಗತಿಯ ಗೆಳತಿಯರಲ್ಲಿ ಯಾರಾದರೂ ಆದೀತು. ಅವರೆಲ್ಲ ಬೇಕಾದಾಗ ಬಂದವರು. ಇಷ್ಟೆಲ್ಲ ಓದಿಯೂ ನಾನೇ ಹಾಕಬೇಕೆಂದರೆ ಹಾಕುತ್ತೇನೆ.

ನೀನು ಈ ಸಲ ಆರಿಸಿಕೊಂಡಿರುವ ಮನೆ ನಗುವಿರುವ ಮನೆ. ಅಲ್ಲಿ ಒಂದು ದಿನವೂ ನಿನಗೆ ನೋವಾಗದಿರಲಿ. ನಿನ್ನ ಕೈ ಹಿಡಿದು ಹೊಲಿಗೆ ಕಲಿಯುವ ಹುಡುಗಿಯರು ಹೆಚ್ಚಲಿ, ನಿನ್ನ ಮಾತಿನ ಖಾರ ಕಮ್ಮಿಯಾಗದಿರಲಿ. ಇಬ್ಬರೂ ನೂರು ಕಾಲ ಚೆನ್ನಾಗಿ ಬಾಳಿ.

ಗುರುವಾರ ಹತ್ತು ಗಂಟೆಗೇ ಆ ಆಫೀಸಿಗೆ ಬಂದಿರುತ್ತೇನೆ. ನನ್ನ ಜೊತೆ ಮಾತಾಡಬೇಕಾಗಿಲ್ಲ, ನನ್ನ ಕಡೆ ನೋಡಬೇಕಾಗಿಯೂ ಇಲ್ಲ. ಅಲ್ಲಿಗೆ ಬರಬೇಡ ಎಂದೊಂದು ಮಾತು ಕಳಿಸಿದರೆ ಗೇಟಿನ ಹೊರಗೆ ಇರುತ್ತೇನೆ. ಬರಬಹುದೆಂದರೆ ಒಳಗೆ ಬಂದು, ಬಾಯಿ ಮುಚ್ಚಿಕೊಂಡು, ನಿನ್ನ ಪಕ್ಕದಲ್ಲಿ ನಿಂತುಕೊಳ್ಳುತ್ತೇನೆ. ನೀನು ಕೇಳಿದ್ದು ಅಷ್ಟೇ ಆಗಿತ್ತು.

ಆರು ವರ್ಷ ತಡವಾಗಿ ಹೊರಟಿರುವ,
ನಿನ್ನ ಅಣ್ಣ