ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಿಹಾಕಿದ ಎತ್ತುಗಳು

ನಮ್ಮ ಉಪನಗರದ ಹೊಸ ವಸ್ತುಸಂಗ್ರಹಾಲಯದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕ ಅಂಬವ್ವ ಮಾಡಿದ ಮಣ್ಣಿನ ಎತ್ತುಗಳನ್ನು ನೀವು ಹಿಡಿದಿಟ್ಟುಕೊಂಡಿದ್ದೀರಿ. ಹೋದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ನಿಮ್ಮ ಸಿಬ್ಬಂದಿ ಕುರ್ಲಾದ ನಮ್ಮ ಚಾಳಿಗೆ ಬಂದು, ಹೊಟ್ಟೆತುಂಬ ಉಂಡು, ಪ್ರದರ್ಶನ ಮುಗಿದ ಕೂಡಲೇ ವಾಪಸ್ ಕೊಡುತ್ತೇವೆಂದು, ಇನ್ನೂ ನೀರಿಗೆ ಬಿಡದಿದ್ದ ಆ ಜೋಡಿಯನ್ನು ಒಯ್ದರು. ಈಗ ಅವು ಗಾಜಿನ ಪೆಟ್ಟಿಗೆಯಲ್ಲಿವೆ. ಕೆಳಗೆ ಫಲಕ: 'ಪ್ರಾಚೀನ ಆಟಿಕೆ. ತಯಾರಕರು ಅಜ್ಞಾತ.'

ಅಜ್ಞಾತವೇ? ಅಂಬವ್ವ ನಲ್ಲಿಯ ಮುಂದೆ ಜಗಳಕ್ಕೆ ನಿಂತರೆ ಧ್ವನಿ ಕುರ್ಲಾ ಸ್ಟೇಷನ್ನಿನವರೆಗೆ ಕೇಳುತ್ತದೆ!

ನಾನು ವಿಜಯಪುರದ ಕಡೆಯ ಹಳ್ಳಿಯಲ್ಲಿ ಏಳನೇ ಇಯತ್ತೆ ಮುಗಿಸಿದವನು. ಇತಿಹಾಸದಲ್ಲಿ ವರ್ಗಕ್ಕೇ ಮೊದಲಿಗ. ಎರಡನೆಯವನು ಬೇರೆ ಹೇಳಿದರೆ ನಂಬಬೇಡಿ. ಆದ್ದರಿಂದ ಅಧಿಕಾರದಿಂದಲೇ ಕೇಳುತ್ತೇನೆ: ಹೋದ ವರ್ಷದ ಎತ್ತು ಪ್ರಾಚೀನವಾಗುವುದಾದರೆ, ಪಕ್ಕದ ಪೆಟ್ಟಿಗೆಯಲ್ಲಿರುವ ಸಾವಿರಾರು ವರ್ಷದ ಗೊಂಬೆಗಳು ಯಾವ ಅಕ್ಕನ ಕೈಯಿಂದ ಬಂದವೋ? ಉಳಿದದ್ದಷ್ಟೇ ಇತಿಹಾಸವೆಂದು ನಿಮಗೆ ಕಲಿಸಿದ್ದಾರೆ. ನಾವು ಪೂಜೆ ಮುಗಿದ ಎತ್ತುಗಳನ್ನು ನೀರಿಗೆ ಬಿಡುವ ಜನ. ಮರುವರ್ಷ ಹೊಸ ಮಣ್ಣು, ಅದೇ ಕೋಡು, ಅದೇ ಡುಬ್ಬ. ಹೀಗೆ ಕರಗಿಸಿ ಕರಗಿಸಿಯೇ ಅದು ನಮ್ಮ ಮುತ್ತಜ್ಜಿಯಿಂದ ಅಕ್ಕನ ಬೆರಳಿಗೆ ಬಂದಿದೆ. ಇಂಥ ಇತಿಹಾಸವನ್ನು ಯಾವ ಕಪಾಟಿನಲ್ಲಿ ಇಡುತ್ತೀರಿ?

ಅಕ್ಕ ಮಾತ್ರ ಹಟ ಹಿಡಿದಿದ್ದಾಳೆ. "ಹಳೇ ಜೋಡಿ ನೀರಿಗೆ ಹೋಗೂತನಕಾ ಹೊಸಾ ಜೋಡಿಗೆ ನಾ ಮಣ್ಣ ಮುಟ್ಟಾಂಗಿಲ್ಲೋ ಖಂಡ್ಯಾ! ಚಾಳ ತುಂಬ ಮೀಸಿ ತಿರುವಕೋತ ಅಡ್ಡಾಡ್ತಿ, ಎರಡ ಎತ್ತ ಬಿಡಿಸ್ಕೊಂಡ ಬರಾಕ ಆಗವಲ್ದು ನಿನಗ?" ಆಕೆಯ ಬೆರಳುಗಳು ಸೆಟೆದುಕೊಳ್ಳತೊಡಗಿವೆ. ಈ ಅಮಾವಾಸ್ಯೆಗೆ ಮೊಮ್ಮಗಳು ಶೀತಲಳಿಗೆ ಎತ್ತು ಮಾಡುವುದನ್ನು ಕಲಿಸಬೇಕಿತ್ತು. ಚಾಳಿನಲ್ಲಿ ಬೇರೆ ಯಾರಿಗೂ ಅದು ಬಾರದು. ಮುಂದಿನ ವರ್ಷ ಆ ಕೈ ಏಳುತ್ತದೆಯೋ ಇಲ್ಲವೋ, ಯಾರು ಬಲ್ಲರು?

ನಾನೇನು ಸುಮ್ಮನೆ ಕೂಡಲಿಲ್ಲ. ಗಾಜಿನ ಮೇಲಾದರೂ ನಾಲ್ಕು ಹನಿ ಚಿಮುಕಿಸಿ, ನೀರಿಗೆ ಬಿಟ್ಟೆನೆಂದು ಅಕ್ಕನ ಮುಂದೆ ಕೊಚ್ಚಿಕೊಳ್ಳಬಹುದೆಂದು ನೀರಿನ ಬಾಟಲಿ ಹಿಡಿದು ನಿಮ್ಮಲ್ಲಿಗೆ ಬಂದೆ. ಕಾವಲುಗಾರ ಬಾಗಿಲಲ್ಲೇ ಕಸಿದುಕೊಂಡ: "ಪಾನಿ ಅಂದರ್ ನಹೀ, ಕಾಕಾ." ಒಳಗಿನ ಸಾಹೇಬರಂತೂ ಕುರ್ಚಿ ಕೊಟ್ಟು, ಎಲ್ಲ ಕೇಳಿಸಿಕೊಂಡು, "ಆತಾ ತೇ ಸರ್ಕಾರೀ ಆಹೇ" ಎಂದರು, ಅವು ಈಗ ಸರ್ಕಾರದವಂತೆ. ಎಂಥ ಮರ್ಯಾದಸ್ಥರು! ಜಗಳವಾಡಲೂ ಆಸ್ಪದ ಕೊಡಲಿಲ್ಲ.

ಅಮಾವಾಸ್ಯೆ ಹತ್ತಿರ ಬಂದಿದೆ. ಎತ್ತುಗಳನ್ನು ಬಿಟ್ಟುಕೊಡಿ. ಅದೂ ಆಗದೆಂದರೆ, ಆ ದಿನ ನೀವೇ ಅವುಗಳ ಮುಂದೆ ಒಂದು ಹೋಳಿಗೆ ಇಡಿ. ಕಟ್ಟಿಕೊಂಡವರೇ ಮೇವು ಹಾಕಬೇಕೆಂಬುದು ನಮ್ಮ ಕಡೆಯ ಕಾಯಿದೆ.

ಇಂತಿ,
ಅಕ್ಕನಿಗೆ ಮುಖ ತೋರಿಸಲಾರದೆ ಕಾಗದದ ಹಿಂದೆ ಅಡಗಿರುವ
ಖಂಡಪ್ಪ, ಕುರ್ಲಾ