ಗಂಧದ ಮರ ಒಣಗಿದ್ದಕ್ಕೆ

ಉತ್ತರಹಳ್ಳಿ
12-2-1964

ಮಗು ಬೈರಣ್ಣ,

ನಿನ್ನ ಕೆಮ್ಮು ಹೇಗಿದೆ? ಭದ್ರಾವತಿಯ ಹೊಗೆ ಕುಡಿದು ಬಂದು ತಣ್ಣೀರು ಸ್ನಾನ ಮಾಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಬೇಕು, ಬರೆಯುವುದಿಲ್ಲ. ನಿನ್ನ ಕಾಗದ ಓದಿದಾಗಿನಿಂದ ನನಗೆ ಮೈಯೆಲ್ಲ ಉರಿ. ಹೆಂಡತಿಯನ್ನು ತವರಿಗೆ ಕಳಿಸಿಬಿಡಿ ಅಂತ ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು?

ಹಿತ್ತಲಿನ ಗಂಧದ ಮರ ಒಣಗಿದ್ದು ವಾರಿಜಾಳ ಕಾಲ್ಗುಣದಿಂದ ಅಂತ ನಿಮ್ಮ ದೊಡ್ಡಪ್ಪ ರಾಮಯ್ಯ ನಿನಗೆ ಬರೆದರಂತೆ. ಇವಳು ಮದುವೆಯಾಗಿ ಬಂದ ಹೊಸದರಲ್ಲಿ ಆ ಮರದ ತುಂಬ ಸಣ್ಣ ಸಣ್ಣ ಎಲೆ ಒತ್ತೊತ್ತಾಗಿ ನೆಟ್ಟಗೆ ನಿಂತಿತ್ತಲ್ಲ, ಅದನ್ನು ಬಂದವರಿಗೆಲ್ಲ ತೋರಿಸಿ, "ನೋಡ್ರಪ್ಪ, ಸೊಸೆ ಕಾಲಿಟ್ಲು, ಮುದಿ ಮರ ಚಿಗುರ್ತು" ಅಂತ ಮೆರೆದವರೂ ಅದೇ ದೊಡ್ಡಪ್ಪ. ನಾನೂ ನಂಬಿ ಅವಳ ಕೈಯಿಂದ ಮರಕ್ಕೆ ಅರಿಶಿನ ಕುಂಕುಮ ಹಚ್ಚಿಸಿದೆ. ಅದು ಚಿಗುರಲ್ಲ ಕಣಪ್ಪ, ರೋಗ. ಗಂಧ ಯಾರ ಹಿತ್ತಲಲ್ಲಿದ್ದರೂ ಸರ್ಕಾರದ್ದೇ ತಾನೆ, ಮೊನ್ನೆ ಫಾರೆಸ್ಟ್ ಸಾಹೇಬರು ನೋಡಲು ಬಂದಿದ್ದರು. ಎಲೆಯ ರಸ ಹೀರುವ ಒಂದು ಪುಟ್ಟ ಹುಳ ಈ ರೋಗವನ್ನು ಮರದಿಂದ ಮರಕ್ಕೆ ಹೊತ್ತು ತರುತ್ತದಂತೆ. ಎಲೆ ಹಾಗೆ ಸೆಟೆದು ನಿಂತಿತೆಂದರೆ ಮರ ಉಳಿಯುವುದಿಲ್ಲವಂತೆ. ದೊಡ್ಡಪ್ಪ ಎದುರಿಗೇ ನಿಂತು ಎಲ್ಲ ಕೇಳಿಸಿಕೊಂಡರು. ಸಾಹೇಬರ ಜೀಪು ಹೋದ ಮೇಲೆ ಏನಂದರು ಗೊತ್ತೆ? "ಆ ಹುಳಾನ ಕರ್ಕೊಂಡು ಬಂದೋಳು ಯಾರು?" ಇಂಥವರ ಮಾತಿಗೆ ನೀನು ಕುಣಿಯುತ್ತೀಯ. ನಿನ್ನನ್ನು ಓದಿಸಿದ್ದು ದಂಡ.

ವಾರಿಜಾ ಈಗ ಹಿತ್ತಲಿಗೆ ಕಾಲಿಡುವುದಿಲ್ಲ. ಮನೆಯ ಬಾವಿ ಬಿಟ್ಟು ನೀರಿಗೆ ಬೀದಿ ಕೊನೆಯವರೆಗೆ ಹೋಗುತ್ತಾಳೆ. ಯಾಕೆ ತಾಯಿ ಅಂದರೆ, "ಇನ್ನೊಂದು ಗಿಡ ಒಣಗಿದ್ರೆ ನಾನೇನು ಹೇಳ್ಲಿ ಅತ್ತೆ?" ಅನ್ನುತ್ತಾಳೆ. ಗಂಡ ಅನ್ನಿಸಿಕೊಂಡವನು ನೀನು, ನಾಚಿಕೆಯಾಗಬೇಕು ನಿನಗೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ಆಯಸ್ಸಿನ ಜೊತೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ತಾಯಿ,
ಲಕ್ಷ್ಮಮ್ಮ

ಕಾಗದ ಮಡಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಾನು ಈ ಮನೆಗೆ ಬಂದ ವರ್ಷ ಊರಿಗೆ ಪ್ಲೇಗು ಬಿತ್ತು. ಅದನ್ನು ತಂದವಳು ನಾನೇ ಅಂತ ನನ್ನನ್ನು ತವರಿಗೆ ಅಟ್ಟಿದರು. ನಿಮ್ಮಪ್ಪ ಬಾಯಿ ಬಿಡಲಿಲ್ಲ. ಅದು ಇಲಿಯ ಮೈಮೇಲಿನ ಚಿಗಟದ ಕೆಲಸ ಅಂತ ಗೊತ್ತಾದ ಮೇಲೆ ನನ್ನನ್ನು ಕರೆಯಲು ಆಳನ್ನು ಕಳಿಸಿದರು. ಬಂದೆ. ಮುದ್ದೆ ಬಡಿಸಿದೆ, ನಿನ್ನನ್ನು ಹೆತ್ತೆ. ಅವರ ಮೇಲೆ ಪ್ರೀತಿ ಮಾತ್ರ ಮತ್ತೆ ಬರಲಿಲ್ಲ. ಸೋಮವಾರದ ರೈಲಿಗೆ ವಾರಿಜಾಳನ್ನು ನಿನ್ನಲ್ಲಿಗೆ ಕರೆತರುತ್ತಿದ್ದೇನೆ. ತವರಿಗೆ ಅಂದುಕೊಂಡು ಅಳುತ್ತ ಟ್ರಂಕು ತುಂಬುತ್ತಿದ್ದಾಳೆ. ಸ್ಟೇಷನ್ನಿಗೆ ನೀನೇ ಬಾ, ಬೇರೆ ಯಾರನ್ನೂ ಕಳಿಸಬೇಡ.