ಮುಂದಿನ ಕೋಣೆಯ ಕಂಬ

ಪಾಟನ್,
ಜ್ಯೇಷ್ಠ ಶುದ್ಧ ನವಮಿ

ನಮ್ಮ ಪಲಿಸ್ತಾಳ ಅಪ್ಪನಿಗೆ ಸುನ್‌ಕೇಸರಿಯ ನಮಸ್ಕಾರಗಳು.

ಮೈ ಹೇಗಿದೆ? ಸೊಂಟದ ನೋವು ಇಳಿಯಿತೇ? ದೋಹಾದಲ್ಲಿ ಈಗ ನಡುಮಧ್ಯಾಹ್ನ ಕೆಲಸ ನಿಲ್ಲಿಸುತ್ತಾರೆ ಎಂದಿರಲ್ಲ, ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ? ಊರಿಗೆ ಬಂದಿದ್ದ ಬೇಖಾರತ್ನ ನಾಳೆ ವಾಪಸು ಹೊರಟಿದ್ದಾನೆ. ಅವನ ಕೈಯಲ್ಲಿ ಅವಲಕ್ಕಿ, ಲಪ್ಸಿ ಹಣ್ಣಿನ ಉಪ್ಪಿನಕಾಯಿ, ಈ ಕಾಗದ ಕೊಡುತ್ತಿದ್ದೇನೆ. ಉಪ್ಪಿನಕಾಯಿ ಕೋಣೆಯವರಿಗೆಲ್ಲ ಹಂಚಿ ನೀವು ಡಬ್ಬಿ ನೆಕ್ಕಬೇಡಿ. ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ? ಅತ್ತೆಗೆ ಮಂಡಿ ನೋವು ಬಿಟ್ಟರೆ ಬೇರೇನೂ ಇಲ್ಲ. ಪಲಿಸ್ತಾಳ ಮುಂದಿನ ಹಲ್ಲು ಬಿದ್ದಿದೆ, ನಕ್ಕರೆ ಥೇಟ್ ನಿಮ್ಮ ಅಜ್ಜನ ಫೋಟೋ.

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಹಿಡಿದಳು ಎಂದು ಗಾಬರಿಯಾಗಬೇಡಿ. ಎಲ್ಲರೂ ಜೀವಂತ ಇದ್ದೇವೆ. ಫೋನಿನಲ್ಲಿ ನಿಮ್ಮ ಮುಖ ಕಾಣುತ್ತದೆ, ಮುಖ ನೋಡುತ್ತಾ ಈ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಕ್ಯಾಮೆರಾ ಕೆಟ್ಟಿದೆ ಅಂದದ್ದು ಸುಳ್ಳು. ಮನೆ ತೋರಿಸು ಎಂದು ಕೇಳುತ್ತೀರಲ್ಲ, ಅದಕ್ಕೆ ಹೇಳಿದ ಸುಳ್ಳು. ಮನೆಯ ಮುಂಭಾಗ ಈಗ ಇಲ್ಲ. ನಾವೇ ಒಡೆಸಿದೆವು. ನಾನೇ ಒಡೆಸಿದೆ. ಒಮ್ಮೆ ಕಾಗದ ಕೆಳಗಿಟ್ಟು, ನೀರು ಕುಡಿದು, ಆಮೇಲೆ ಮುಂದೆ ಓದಿ.

ಕೇರಿಗೆಲ್ಲ ನೀರು ಕೊಡುತ್ತಿದ್ದ ನಮ್ಮ ಹಿಟಿ ಒಣಗಿದ್ದು ನಿಮಗೆ ಗೊತ್ತೇ ಇದೆ. ಭೂಕಂಪದಲ್ಲಿ ನೆಲದೊಳಗಿನ ಸೆಲೆ ಜರುಗಿತು ಎಂದೇ ಎಲ್ಲರೂ ನಂಬಿದ್ದೆವು. ಅದರ ಕಲ್ಲಿನ ಮಕರದ ಬಾಯಿಂದ ತೋಳು ದಪ್ಪ ಬೀಳುತ್ತಿದ್ದ ನೀರು ದಾರದಷ್ಟಾಗಿ, ಕಡೆಗೆ ಅದೂ ನಿಂತಿತು. ಕೇರಿಯ ತೊಟ್ಟಿ ತುಂಬುತ್ತಿದ್ದುದೇ ಆ ನೀರಿನಿಂದ, ಅಷ್ಟೂ ಮನೆಗಳ ಕೊಳಾಯಿಗೆ ಹೋಗುತ್ತಿದ್ದುದೂ ಅದೇ. ದೂರದ ಬೆಟ್ಟದಿಂದ ಸುರಂಗದಲ್ಲಿ ನೀರು ಬರುತ್ತದೆ, ಬರುತ್ತದೆ ಎನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಯಿತು. ನಗರದ ಕೊಳವೆಯಲ್ಲಿ ವಾರಕ್ಕೊಮ್ಮೆ ಬುಸ್ ಅಂತ ಗಾಳಿ ಬಂದು, ಹಿಂದೆಯೇ ನಾಲ್ಕು ಬಿಂದಿಗೆ ನೀರು ಬರುತ್ತದೆ, ಅದನ್ನು ನಂಬಿ ಅನ್ನಕ್ಕಿಡುವಂತಿಲ್ಲ. ಹಿಂದಿನವರು ಹಿಟಿ ನೋಡಿಕೊಳ್ಳಲೆಂದೇ ಕೇರಿಯ ಗುಠಿ ಸಂಘಕ್ಕೆ ಗದ್ದೆ ಬಿಟ್ಟಿದ್ದರು, ಆ ಗದ್ದೆ ಯಾರ್ಯಾರದೋ ಸೈಟಾಗಿ ಹೋಯಿತು. ಹೋದ ವರ್ಷ ಮನೆಮನೆಗೆ ವಂತಿಗೆ ಎತ್ತಿ ಬೋರ್ ಕೊರೆಸಿದೆವು. ಬಂದದ್ದು ತುಕ್ಕಿನ ನೀರು. ಬಿಳಿ ಬಟ್ಟೆ ಒಗೆದರೆ ಸಾಧುಗಳ ಬಟ್ಟೆಯಾಗುತ್ತಿತ್ತು. ವಂತಿಗೆಯೂ ಹೋಯಿತು, ನೀರೂ ಇಲ್ಲ. ಟ್ಯಾಂಕರಿಗೆ ದುಡ್ಡು ಸುರಿದು ಸುರಿದು ಎಲ್ಲರೂ ಬಸವಳಿದೆವು.

ಈ ಚಳಿಗಾಲದಲ್ಲಿ ನಗರಪಾಲಿಕೆ ಕಚೇರಿಯಿಂದ ಒಬ್ಬಳು ಇಂಜಿನಿಯರ್ ಹುಡುಗಿ ಬಂದಳು. ಹಳೆಯ ಹಿಟಿಗಳ ಕಾಲುವೆ ಸರಿಪಡಿಸಲು ಸರ್ಕಾರ ಹಣ ಕೊಟ್ಟಿದೆಯಂತೆ, ಕೇರಿಯವರು ಮೈಮುರಿದು ದುಡಿದರೆ ಇಟ್ಟಿಗೆ, ಜೇಡಿಮಣ್ಣು ಕಚೇರಿಯದೇ ಅಂತೆ. ನಮ್ಮವರ ಮುಖದಲ್ಲಿ ಮತ್ತೆ ಜೀವ ಬಂತು. ಹಿಟಿಯಿಂದ ಮೇಲಕ್ಕೆ ಅಲ್ಲಲ್ಲಿ ಗುಂಡಿ ತೋಡಿ ನೋಡುತ್ತಾ ಬಂದರು. ಇಟ್ಟಿಗೆಯ ಕಾಲುವೆ ಹಾಗೇ ಇದೆ, ಒಂದು ಇಟ್ಟಿಗೆಯೂ ಅಲುಗಿಲ್ಲ. ನಮ್ಮ ಹಿತ್ತಲಿನಾಚೆ ಒದ್ದೆ, ನಮ್ಮ ಅಂಗಳದೀಚೆ ಒಣ. ನಡುವೆ ನಮ್ಮ ಮನೆ. ಮುಂದಿನ ಕೋಣೆಯ ಮೂಲೆಯ ಕಂಬ ಕಾಲುವೆಯ ಎದೆಗೇ ನೆಟ್ಟಿತ್ತು, ಸುತ್ತ ಕಾಂಕ್ರೀಟ್ ತುಂಬಿ ಬಾಯಿ ಮುಚ್ಚಿತ್ತು.

ನೆನಪಿದೆಯೇ, ಭೂಕಂಪವಾದ ಮೇಲೆ ಪಾಯ ತೋಡಿದಾಗ ಆ ಮೂಲೆಯಲ್ಲಿ ನೀರು ಜಿನುಗಿದ್ದು? ಬಕೆಟ್ ಹಿಡಿದು ಮೊಗೆದವರು ನೀವೇ. ಎಷ್ಟು ಮೊಗೆದರೂ ತುಂಬುತ್ತಿತ್ತು. ಪೂಜೆ ಮಾಡಿಸುವ ಗುಭಾಜು ಬಂದು ನೋಡಿ, ನಾಗರಾಜ ಒಲಿದಿದ್ದಾನೆ, ಇಂಥ ಪಾಯ ಯಾರಿಗೆ ಸಿಗುತ್ತದೆ ಎಂದರು. ನಾವು ಹಾಲೆರೆದು, ಅರಿಶಿನ ಕುಂಕುಮ ಹಾಕಿ, ಕೈಮುಗಿದು ಅದರ ಮೇಲೆ ಸಿಮೆಂಟ್ ಸುರಿದೆವು. ಗುಠಿಯ ಹಿರಿಯ ಆಸಾಕಾಜಿ ನಿಮ್ಮ ಹಣೆಗೆ ತಿಲಕವಿಟ್ಟದ್ದೂ ಅಲ್ಲೇ ನಿಂತು. ಇಡೀ ಕೇರಿ ಆ ಗುಂಡಿಯ ಸುತ್ತ ಕೂತು ಉದ್ದಿನ ರೊಟ್ಟಿ ವೋ ತಿಂದಿತು. ಒಬ್ಬರಿಗಾದರೂ ಇದು ಹಿಟಿಯ ನೀರು ಅಂತ ಹೊಳೆಯಬಾರದೇ? ನಮ್ಮ ಕೊಳಾಯಿಗೆ ಬರುವ ನೀರಿಗೇ ಪೂಜೆ ಮಾಡಿ ಹೂತೆವಲ್ಲ! ಮೊದಲ ದಿನ ನನಗೆ ನಗು ಬಂತು. ನಕ್ಕೆ, ಅತ್ತೆ ಹೆದರುವಷ್ಟು ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಒಬ್ಬಳೇ ಕಣ್ಣೀರಿಟ್ಟೆ.

ಕಂಬ ತೆಗೆದರೆ ಮೇಲಿನ ಎರಡು ಅಂತಸ್ತೂ ನಿಲ್ಲುವುದಿಲ್ಲ ಎಂದಳು ಆ ಹುಡುಗಿ. ಕಾಲುವೆಯನ್ನೇ ಬಳಸಿ ತಿರುಗಿಸಿ ಎಂದೆ. ಇಳಿಜಾರು ಸಿಗುವುದಿಲ್ಲ, ಎರಡೂ ಕಡೆ ಪಕ್ಕದವರ ಪಾಯವಿದೆ ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. ಮನೆಗೆ ಪರಿಹಾರ ಕೊಡುತ್ತೀರಾ ಎಂದರೆ, "ಕಾಲುವೆಗೆ ದುಡ್ಡಿದೆ ದೀದಿ, ಮನೆಗೆ ಇಲ್ಲ. ನಕ್ಷೆ ಪಾಸಾಗಿಲ್ವಲ್ಲ," ಎಂದು ತಲೆ ತಗ್ಗಿಸಿದಳು. ಅವಳ ಮೇಲೆ ರೇಗಾಡಿದೆ. ಪಾಪ, ಅವಳೇನು ಮಾಡಿಯಾಳು.

ಆಮೇಲೆ ಆಸಾಕಾಜಿ ಮತ್ತು ಗುಠಿಯ ಹಿರಿಯರು ಬರತೊಡಗಿದರು. ಬಂದು ಕೂತು ಚಹಾ ಕುಡಿದು, ಆಲೂಗಡ್ಡೆ ಬೆಳೆ ಹೇಗೆ, ಮಗು ಓದುತ್ತಾಳಾ ಎಂದು ಕೇಳಿ ಎದ್ದು ಹೋಗುವುದು. ಕಂಬದ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಒಡೀರಿ ಅಂತ ಬಾಯಿಬಿಟ್ಟು ಕೇಳಿದ್ದರೆ, ನನ್ನ ಗಂಡ ಮರಳುಗಾಡಿನಲ್ಲಿ ಬೆಂದು ಕಟ್ಟಿಸಿದ್ದು, ಮುಟ್ಟಿ ನೋಡೋಣ ಎಂದು ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ. ಅತ್ತೆಯೂ ಅಷ್ಟೆ. "ನೀನು ಹೇಳಿದ ಹಾಗೆ," ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ಕಡೆಗೆ ಎದುರು ಮನೆಯ ಹೀರಾದೇವಿ ಬಂದಳು. ನಿಮಗೆ ಗೊತ್ತು, ಅವಳಿಗೂ ನನಗೂ ಬಾಯಿಗೆ ಬಾಯಿ ಕೊಡದೆ ಬೆಳಗಾಗುವುದಿಲ್ಲ. ಹಿಂದಿನ ವರ್ಷವಿಡೀ, "ಏನಮ್ಮಾ ಕತಾರಿನ ಸಾಹುಕಾರ್ತಿ, ಟೈಲ್ಸ್ ಒರೆಸೋಕೆ ಮಾತ್ರ ನೀರಿರುತ್ತೆ ನಿಮಗೆ," ಎಂದು ಕುಟುಕಿದವಳು. ಅವತ್ತು ಬರೀ ಬಿಂದಿಗೆ ಹಿಡಿದು ಬಾಗಿಲಲ್ಲಿ ನಿಂತಳು. ಸೊಸೆ ಬಾಣಂತಿ, ಟ್ಯಾಂಕರ್ ಬಂದಿಲ್ಲ. "ಅರ್ಧ ಬಿಂದಿಗೆ ಇದ್ರೆ ಕೊಡೇ ಸುನ್‌ಕೇಸರಿ," ಎಂದಳು. ಅಷ್ಟೇ. ಒಂದು ಕೊಂಕಿಲ್ಲ, ಕಂಬದ ಮಾತಿಲ್ಲ. ಒಂದು ಬೈಗುಳ ಬೈದಿದ್ದರೂ ನಮ್ಮ ಮನೆ ಉಳಿಯುತ್ತಿತ್ತು, ಆಣೆಗೂ ಹೇಳುತ್ತೇನೆ. ಬಿಂದಿಗೆ ತುಂಬಿಸಿ ಕೊಟ್ಟು, ಆಸಾಕಾಜಿಯ ಮನೆಗೆ ಹೋಗಿ, ಒಡೀರಿ ಎಂದು ಹೇಳಿ ಬಂದೆ.

ಸಿಥಿ ನಖ ಹಬ್ಬದ ದಿನವೇ ಆಗಬೇಕಿತ್ತು. ಅವತ್ತೊಂದು ದಿನ ತಾನೇ ನಾಗಗಳು ಯಾತ್ರೆಗೆ ಹೋಗಿ ನೀರಿನ ಜಾಗ ತೆರವಾಗಿರುವುದು. ಬೇರೆ ದಿನ ಕಾಲುವೆಗೆ ಹಾರೆ ಹಾಕಲು ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪುತ್ತಿರಲಿಲ್ಲ. ಮೇಲಿನ ಎರಡೂ ಅಂತಸ್ತು ಮುಂಚೆಯೇ ಇಳಿಸಿದ್ದರು. ಕೆಳಗಿನ ಕೋಣೆ, ಕಂಬ ಆ ದಿನಕ್ಕೆ ಉಳಿದಿದ್ದವು. ಬೆಳಗ್ಗೆ ಎದ್ದು ನಾನು ಆ ಕೋಣೆಯ ನೆಲ ಒರೆಸಿದೆ. ಹುಚ್ಚು ಅನ್ನಿ. ವಿಡಿಯೋದಲ್ಲಿ ಅಂಗಡಿಯೆಲ್ಲ ಸುತ್ತಿಸಿ, ಇದಲ್ಲ ಅದಲ್ಲ ಎಂದು ಸತಾಯಿಸಿ ನೀವು ಆರಿಸಿದ ಹಸಿರು ಟೈಲ್ಸ್. ಹಾರೆ ಹಿಡಿದು ಬಂದ ಗಂಡಸರು ಹೊಸ್ತಿಲಲ್ಲಿ ನೆಲ ನೋಡಿದರು, ಚಪ್ಪಲಿ ಬಿಟ್ಟು ಒಳಗೆ ಬಂದರು. ಬರಿಗಾಲಲ್ಲೇ ನಿಂತು ಒಡೆದರು.

ಹಿಟಿ ಶುದ್ಧ ಮಾಡಲು ಮನೆಗೊಬ್ಬರು ಬರಲೇಬೇಕಲ್ಲ. ನಮ್ಮ ಮನೆಯಿಂದ ನಾನಲ್ಲದೆ ಇನ್ಯಾರು? ಆಸಾಕಾಜಿ ಕೈ ಅಡ್ಡ ಹಿಡಿದು, "ಇವತ್ತೊಂದಿನ ನೀನು ಕೂತ್ಕೊಳಮ್ಮಾ, ನಮಗೆ ನೋಡೋಕಾಗಲ್ಲ," ಎಂದರು. ಕೂರಲಿಲ್ಲ. ಎಲ್ಲರೊಡನೆ ಸಾಲಿನಲ್ಲಿ ನಿಂತು ಬುಟ್ಟಿ ಹೊತ್ತೆ. ನಮ್ಮ ಗೋಡೆಯನ್ನೇ ಬುಟ್ಟಿ ಬುಟ್ಟಿ ಹೊತ್ತೆ. ನೀವು ಒಂದು ರಾತ್ರಿಯೂ ಮಲಗಲಿಲ್ಲವಲ್ಲ ಆ ಕೋಣೆಯಲ್ಲಿ! ಮೊದಲು ಪಾಯಕ್ಕೆ ದುಡ್ಡಾಗಲಿ ಎಂದು ಹೋದಿರಿ, ಆಮೇಲೆ ಛಾವಣಿ ಆಗಲಿ, ಆಮೇಲೆ ಗಾರೆ ಆಗಲಿ ಎಂದಿರಿ. ನಡುವೆ ರಜೆಗೆ ಬಂದಾಗ ಹಿಂದಿನ ಹಳೇ ಕೋಣೆಯಲ್ಲೇ ಮಲಗಿ ಹೋದಿರಿ. ಹೊರುವಾಗ ಬುಟ್ಟಿ ಬುಟ್ಟಿಗೂ ಇದೇ ನೆನಪಾಯಿತು. ಮಧ್ಯಾಹ್ನ ವೋ ಹಂಚಿದರು. ಯಾರ ಕೈಯೂ ಎಲೆಗೆ ಇಳಿಯಲಿಲ್ಲ. ಅತ್ತೆ ಕುಂಟುತ್ತಾ ಬಂದು, "ಹಬ್ಬದ ದಿನ ಉಪವಾಸ ಕೂರ್ತೀರೇನ್ರೋ," ಎಂದು ಗದರಿದ ಮೇಲೆ ತಿಂದರು.

ಸಂಜೆಗೆ ನೀರು ಬಂತು. ಮೊದಲು ಕೆಸರು, ಆಮೇಲೆ ಕದಡು, ಆಮೇಲೆ ತಿಳಿ. ಕೇರಿಯ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಹೀರಾದೇವಿ ಮೊದಲ ಬಿಂದಿಗೆ ತುಂಬಿ ನನ್ನ ಸೊಂಟಕ್ಕಿಟ್ಟಳು. ಅತ್ತೆ ಕುಡಿದರು, ಪಲಿಸ್ತಾ ಕುಡಿದಳು. ನಾನಿನ್ನೂ ಕುಡಿದಿಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಕೇರಿ ನಿಮ್ಮ ಋಣದಲ್ಲಿದೆ ಎನ್ನುತ್ತಾರೆ, ದಾರಿಯಲ್ಲಿ ಸಿಕ್ಕರೆ ಮಾತ್ರ ಕಣ್ಣು ತಪ್ಪಿಸುತ್ತಾರೆ. ಇಟ್ಟಿಗೆ ಕೊಡುತ್ತೇವೆ, ಕೂಲಿಗೆ ನಾವೇ ಬರುತ್ತೇವೆ ಎಂದೂ ಹೇಳಿದ್ದಾರೆ. ಕಾಲುವೆ ಬಿಟ್ಟರೆ ಉಳಿಯುವ ಜಾಗದಲ್ಲಿ ಒಂದು ಹಾಸಿಗೆ ಹಾಸಬಹುದು. ನನ್ನ ಮೇಲೆ ಕೋಪ ಬಂದರೆ ಮಾಡಿಕೊಳ್ಳಿ, ಮಾತು ಮಾತ್ರ ಬಿಡಬೇಡಿ.

ಅತ್ತೆ ನಿಮ್ಮ ತಲೆ ಸವರಿ ಹರಸಿದ್ದಾರೆಂದು ಬರೆ ಎಂದರು. ಪಲಿಸ್ತಾ ಬಿದ್ದ ಹಲ್ಲನ್ನು ಕಾಗದದಲ್ಲಿಡಬೇಕೆಂದು ಹಟ ಹಿಡಿದಿದ್ದಳು, ಬೈದು ಕಳಿಸಿದ್ದೇನೆ. ಬಿಸಿಲಿಗೆ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮವಳೇ ಆದ,
ಸುನ್‌ಕೇಸರಿ

ಮರೆತದ್ದು: ಬೇಖಾರತ್ನ ಕಾಗದ ಒಯ್ಯಲು ಬಂದು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಇಷ್ಟುದ್ದ ಬರೆದು ಹೇಳಬೇಕಾದದ್ದನ್ನೇ ಹೇಳಲಿಲ್ಲ. ಒಡೆಯುವ ಮುಂಚೆ ನಿಮ್ಮನ್ನು ಕೇಳದಿದ್ದುದು, ಬೇಡ ಅನ್ನುತ್ತೀರೆಂದಲ್ಲ. ನೀವು ಒಡೀಲಿ ಅನ್ನುತ್ತಿದ್ದಿರಿ, ನನಗೆ ಗೊತ್ತು. ಹಾಗಂದು, ಬೇಜಾರು ಮಾಡ್ಕೋಬೇಡ, ಮತ್ತೆ ಕಟ್ಟೋಣ ಎಂದು, ಆ ಕಂಪನಿಗೆ ಇನ್ನಷ್ಟು ವರ್ಷಕ್ಕೆ ಸಹಿ ಹಾಕಿ ಬರುತ್ತಿದ್ದಿರಿ. ಹಾಕಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಹಾಕಬೇಡಿ. ನನಗೆ ಮನೆ ಬೇಡ. ಹಿಂದಿನ ಕೋಣೆ ಮೂವರಿಗೇ ಇಕ್ಕಟ್ಟು, ನಾಲ್ವರಾದರೆ ಕಾಲು ಚಾಚಲೂ ಆಗುವುದಿಲ್ಲ. ಆಗದಿರಲಿ. ಬಂದುಬಿಡಿ.